ಪಶುವೈದ್ಯರ ವಿದೇಶ ಸೇವೆಗೂ ಒಂದು ಕಾಲಂ ಬೇಕು

ಮಾನ್ಯ ಸಂಪಾದಕರೇ,

ಬೀದಿನಾಯಿಗಳ ಕುರಿತು ತಮ್ಮ ಪತ್ರಿಕೆಯಲ್ಲಿ ನಡೆದಿರುವ ಚರ್ಚೆಯಲ್ಲಿ ಪಶುವೈದ್ಯರ ಮಾತು ಹೆಚ್ಚು ಕೇಳಿಬಂದಿಲ್ಲವಾದ್ದರಿಂದ ಈ ಪತ್ರ. ಹೊರದೇಶಗಳ ರೇಬಿಸ್ ಲಸಿಕೆ ಅಭಿಯಾನಗಳಿಗೆ ಹೋಗಿಬರಲು ನಮ್ಮ ಸರ್ಕಾರಿ ಪಶುವೈದ್ಯರಿಗೆ ಅವಕಾಶ ಸಿಗಬೇಕೆಂಬುದು ನನ್ನ ಕೋರಿಕೆ. ಕೃತಕ ಗರ್ಭಧಾರಣೆ ಮತ್ತು ಕಾಲುಬಾಯಿ ಜ್ವರದ ಲಸಿಕೆಯಲ್ಲೇ ಸೇವಾವಧಿ ಸವೆಸಿದ ನನ್ನನ್ನು ನಾಯಿಗಳ ಕಡೆಗೆ ತಿರುಗಿಸಿದ್ದು ನೆರೆಯ ಗೋವಾ. ಬ್ರಿಟನ್ನಿನ ಪಶುವೈದ್ಯ ಲ್ಯೂಕ್ ಗ್ಯಾಂಬಲ್ 2013ರಲ್ಲಿ ಆರಂಭಿಸಿದ ‘ಮಿಷನ್ ರೇಬಿಸ್’ ಎಂಬ ಸಂಸ್ಥೆ ಗೋವಾ ಸರ್ಕಾರದೊಂದಿಗೆ ಸೇರಿ ವರ್ಷವರ್ಷವೂ ಊರೂರಿನ ನಾಯಿಗಳಿಗೆ ಲಸಿಕೆ ಹಾಕುತ್ತ ಬಂದ ಫಲವಾಗಿ, 2021ರಲ್ಲಿ ಗೋವಾ ರೇಬಿಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಲ್ಪಟ್ಟಿತು. ತಮ್ಮ ದೇಶದಲ್ಲಿ ಹುಚ್ಚುನಾಯಿಯನ್ನೇ ಕಾಣದ ಬ್ರಿಟನ್ನಿನ ತರುಣ ವೈದ್ಯರು ಕಾಣಕೋಣದ ಗದ್ದೆಬದುಗಳ ಮೇಲೆ ಬಲೆ ಹಿಡಿದು ಓಡುತ್ತಿದ್ದುದನ್ನು ನೋಡಿದಾಗ ನನಗೆ ನಾಚಿಕೆಯೂ ಆಸೆಯೂ ಒಟ್ಟಿಗೇ ಆದವು.

ಇದೇ ಸಂಸ್ಥೆ 2015ರಲ್ಲಿ ಆಫ್ರಿಕಾದ ಮಲಾವಿ ದೇಶದ ಬ್ಲಾಂಟೈರ್ ನಗರದಲ್ಲಿ 20 ಕೆಲಸದ ದಿನಗಳಲ್ಲಿ 35 ಸಾವಿರ ನಾಯಿಗಳಿಗೆ ಲಸಿಕೆ ಹಾಕಿತ್ತು. ಅದನ್ನು ಓದಿ, ಮುಂದಿನ ಅಭಿಯಾನಕ್ಕೆ ಸ್ವಂತ ಖರ್ಚಿನಲ್ಲಿ ಹೋಗಿಬರಲು ಮೂರು ವಾರಗಳ ರಜೆಯನ್ನೂ ವಿದೇಶ ಪ್ರಯಾಣದ ಅನುಮತಿಯನ್ನೂ ಕೋರಿದೆ. ಉದ್ದೇಶ ವ್ಯಾಸಂಗವೋ, ಚಿಕಿತ್ಸೆಯೋ, ಪ್ರವಾಸವೋ ಎಂಬ ಆಕ್ಷೇಪಣೆಯೊಂದಿಗೆ ಕಡತ ಮರಳಿತು. ‘ನಾಯಿಗಳಿಗೆ ಲಸಿಕೆ’ ಎಂದು ಬರೆದು ಕಳುಹಿಸಿದರೆ, ಇಲ್ಲಿ ನಾಯಿಗಳಿಲ್ಲವೇನ್ರೀ ಎಂದು ಮೇಲಧಿಕಾರಿಗಳು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ, ಆದರೆ ಅದಕ್ಕೆ ಉತ್ತರ ಸಿಕ್ಕಿದ್ದು ನಿವೃತ್ತಿಯ ನಂತರ ನಾನು ಬ್ಲಾಂಟೈರಿಗೆ ಹೋದಾಗಲೇ.

ಅಲ್ಲಿ ನಾಯಿಗೆ ‘ಗಾಲು’ ಎನ್ನುತ್ತಾರೆ. ವಾರಾಂತ್ಯದಲ್ಲಿ ಶಾಲಾ ಮೈದಾನಗಳಿಗೆ ಮಕ್ಕಳೇ ಹಗ್ಗ, ಹಳೆಯ ಬಟ್ಟೆಯ ಚೂರು, ತಂತಿ, ಏನು ಸಿಕ್ಕಿದರೆ ಅದರಲ್ಲಿ ಕಟ್ಟಿ ನಾಯಿಗಳನ್ನು ಎಳೆದು ತರುತ್ತಿದ್ದರು. ಉಳಿದ ದಿನಗಳಲ್ಲಿ ನಾವು ಮನೆಮನೆಗೆ ಹೋಗುತ್ತಿದ್ದೆವು. ಲಸಿಕೆ ಹಾಕಿಸಿಕೊಂಡ ನಾಯಿಗೆ ಬಣ್ಣದ ಗುರುತು, ಮೊಬೈಲಿನಲ್ಲಿ ಅದು ಸಿಕ್ಕ ಸ್ಥಳದ ದಾಖಲೆ. ಆಮೇಲೆ ಬೇರೊಂದು ತಂಡ ಅದೇ ಬೀದಿಗಳಲ್ಲಿ ನಡೆದು ಗುರುತಿರುವ ಮತ್ತು ಗುರುತಿಲ್ಲದ ನಾಯಿಗಳನ್ನು ಎಣಿಸುತ್ತಿತ್ತು. ಲಸಿಕೆ ಪಡೆದ ನಾಯಿಗಳ ಪ್ರಮಾಣ ರೋಗ ಹರಡದಂತೆ ತಡೆಯಲು ಬೇಕಾದ ಶೇಕಡ 70ಕ್ಕಿಂತ ಕಡಿಮೆಯಾದ ಬಡಾವಣೆಗೆ ಮತ್ತೆ ಹೋಗುತ್ತಿದ್ದೆವು. ನನ್ನ ಸೇವಾವಧಿಯುದ್ದಕ್ಕೂ ನಾನು ವರದಿಯಲ್ಲಿ ಬರೆದದ್ದು ಖರ್ಚಾದ ಲಸಿಕೆಯ ಲೆಕ್ಕ. ತಪ್ಪಿಸಿಕೊಂಡ ಪ್ರಾಣಿಯ ಲೆಕ್ಕವನ್ನು ಯಾರೂ ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಬಲೆ ಬೀಸುವುದನ್ನು ನನಗೆ ಕಲಿಸಿದವನು ನನ್ನ ಮೊಮ್ಮಗನಾಗಬಹುದಾಗಿದ್ದ ಮಲಾವಿಯ ಹುಡುಗ. ನಾನು ಕೊಟ್ಟದ್ದೂ ಇದೆ. ಕೆಳದವಡೆ ಜೋತುಬಿದ್ದು ಜೊಲ್ಲು ಸುರಿಸುತ್ತ ಮಂಕಾಗಿ ಕುಳಿತಿದ್ದ ನಾಯಿಯ ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಭಾವಿಸಿ ಬಾಯಿಗೆ ಕೈಹಾಕಲು ಹೊರಟಿದ್ದ ಯುರೋಪಿನ ಕಿರಿಯ ವೈದ್ಯೆಯನ್ನು ತಡೆದೆ. ಅದು ಬೊಗಳಿ ಕಚ್ಚಲು ಬರುವ ರೇಬಿಸ್ ಅಲ್ಲ, ಮೂಕ ರೇಬಿಸ್. ನಮ್ಮಲ್ಲಿ ಹಳ್ಳಿಯ ಚಿಕಿತ್ಸಾಲಯದಲ್ಲಿ ದುಡಿದವರಿಗೆ ಇದರ ಗುರುತು ಸುಲಭವಾಗಿ ಹತ್ತುತ್ತದೆ. ಬಡ ದೇಶದ ಬೀದಿನಾಯಿಗಳ ಮೇಲೆ ಶಸ್ತ್ರಚಿಕಿತ್ಸೆಯ ಅಭ್ಯಾಸ ಮಾಡಿಕೊಳ್ಳಲು ಮಾತ್ರ ಬಂದು ಫೋಟೊ ತೆಗೆಸಿಕೊಂಡು ಹೋಗುವವರೂ ಸ್ವಯಂಸೇವಕರಲ್ಲಿ ಇದ್ದಾರೆ ಎಂಬುದನ್ನು ಮುಚ್ಚಿಡಲಾರೆ. ಆದ್ದರಿಂದಲೇ ಅನುಭವಸ್ಥರು ಹೋಗಬೇಕು ಎನ್ನುತ್ತೇನೆ.

ಕೇಳುವುದು ಹೆಚ್ಚೇನಲ್ಲ. ಇಂಥ ಅಭಿಯಾನಕ್ಕೆ ಆಯ್ಕೆಯಾದ ಸರ್ಕಾರಿ ಪಶುವೈದ್ಯರಿಗೆ ಮೂರು ವಾರಗಳ ವಿಶೇಷ ರಜೆ ಕೊಡಲಿ, ಹೊರಡುವ ಮುನ್ನ ಅವರಿಗೇ ಬೇಕಾದ ರೇಬಿಸ್ ನಿರೋಧಕ ಲಸಿಕೆಯನ್ನು ಇಲಾಖೆ ಹಾಕಿಸಲಿ, ಮರಳಿದ ಮೇಲೆ ಒಂದು ತಾಲ್ಲೂಕಿನಲ್ಲಿ ಅದೇ ರೀತಿಯ ಎಣಿಕೆ ನಡೆಸುವ ಹೊಣೆಯನ್ನು ಅವರಿಗೆ ಒಪ್ಪಿಸಲಿ. ಗೋವಾಕ್ಕೆ ಅಂಟಿಕೊಂಡಿರುವ ನಮ್ಮ ಗಡಿ ತಾಲ್ಲೂಕುಗಳಿಂದಲೇ ಇದನ್ನು ಆರಂಭಿಸಬಹುದು, ಏಕೆಂದರೆ ಕಾಳಿ ನದಿಯ ಆಚೆಗಿನ ಗಡಿಗಲ್ಲು ನಾಯಿಗಳಿಗೆ ತಿಳಿಯದು.

ನನಗೆ ಪರಿಚಯವಿರುವ ಇಬ್ಬರು ಕಿರಿಯ ವೈದ್ಯರು ಈ ವರ್ಷ ಅರ್ಜಿ ಹಾಕಲು ಸಿದ್ಧರಿದ್ದಾರೆ. ವ್ಯಾಸಂಗ, ಚಿಕಿತ್ಸೆ, ಪ್ರವಾಸ ಇವುಗಳಲ್ಲಿ ಅವರು ಯಾವ ಕಾಲಂ ತುಂಬಬೇಕು ಎಂಬುದನ್ನು ಇಲಾಖೆ ತಿಳಿಸಿದರೆ ಉಪಕಾರವಾದೀತು.

ಇಂತಿ,
ನಿವೃತ್ತ ಪಶುವೈದ್ಯಾಧಿಕಾರಿ, ಕಾರವಾರ