ಸಂಭ್ರಮ ಶನಿವಾರ ಊರ ಕೆರೆಯ ದಂಡೆಯಲ್ಲಿ ನಡೆಯಲಿ

ಮಾನ್ಯ ಸಂಪಾದಕರೇ,

ನಮ್ಮ ರಾಜ್ಯದ ಶಾಲೆಗಳಲ್ಲಿ ತಿಂಗಳ ಮೂರನೇ ಶನಿವಾರವನ್ನು ‘ಸಂಭ್ರಮ ಶನಿವಾರ’ವೆಂದು, ಮಕ್ಕಳು ಚೀಲವಿಲ್ಲದೆ ಬರುವ ದಿನವೆಂದು ಗೊತ್ತುಪಡಿಸಲಾಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆರರಿಂದ ಎಂಟನೇ ತರಗತಿಯವರೆಗಿನ ಮಕ್ಕಳಿಗೆ ಹತ್ತು ದಿನಗಳ ಚೀಲರಹಿತ ಕಲಿಕೆ ಇರಬೇಕೆಂದು ಹೇಳಿದೆ. ಆಶಯ ಒಳ್ಳೆಯದು. ಆದರೆ ಚೀಲವನ್ನು ಮನೆಯಲ್ಲಿಟ್ಟು ಬಂದ ಮಗು ಆ ದಿನವೂ ಅದೇ ಕೋಣೆಯಲ್ಲಿ ಕುಳಿತು, ಹಾಳೆಯೊಂದಕ್ಕೆ ಬಣ್ಣ ತುಂಬಿ ಮನೆಗೆ ಮರಳುವುದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಈ ಶನಿವಾರಗಳನ್ನು, ಶಾಲೆಯಿಂದ ನಡೆದೇ ಹೋಗಬಹುದಾದ ಒಂದು ಕೆರೆಗೋ ಹಳ್ಳಕ್ಕೋ ಹೊಲದ ಬದುವಿಗೋ ಮೀಸಲಿಡಬೇಕು, ಮತ್ತು ವರ್ಷವಿಡೀ ಮಕ್ಕಳು ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕು ಎಂಬುದು ನನ್ನ ಕೋರಿಕೆ.

ಒಂದೇ ಜಾಗ ಏಕೆ ಎಂಬ ಪ್ರಶ್ನೆಗೆ ನಮ್ಮ ಗದಗ ಜಿಲ್ಲೆಯಲ್ಲೇ ಉತ್ತರವಿದೆ. ಮಳೆನೀರನ್ನು ನೀರಾವರಿಗಾಗಿ ಹಿಡಿದಿಡಲು ಕಟ್ಟಿದ, ಸುಮಾರು 50 ಹೆಕ್ಟೇರ್ ವಿಸ್ತಾರದ ಮಾಗಡಿ ಕೆರೆ 2024ರ ಜನವರಿಯಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಹಿಮಾಲಯದಾಚೆಯಿಂದ ಹಾರಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲವನ್ನು ಇಲ್ಲಿ ಕಳೆಯುತ್ತವೆ. ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಬಂದು, ಅರ್ಧ ಗಂಟೆ ನಿಂತು, ಫೋಟೊ ತೆಗೆಸಿಕೊಂಡು ಹೋಗುವ ಮಗುವಿಗೆ ಕಾಣುವುದು ನೀರು ಮತ್ತು ಒಂದಿಷ್ಟು ಹಕ್ಕಿ. ಆಗಸ್ಟಿನಲ್ಲಿ ಒಂದೂ ಹೆಬ್ಬಾತಿಲ್ಲದ ಕೆರೆ ಡಿಸೆಂಬರಿನಲ್ಲಿ ಅವುಗಳಿಂದ ತುಂಬಿರುವುದನ್ನೂ, ಬೇಸಿಗೆ ಬಲಿಯುವ ಹೊತ್ತಿಗೆ ಮತ್ತೆ ಬರಿದಾಗುವುದನ್ನೂ ತಾನೇ ನೋಡಿ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡ ಮಗು, ಅವು ಎಲ್ಲಿಗೆ ಹೋದವು, ಏಕೆ ಹೋದವು ಎಂದು ಕೇಳದೆ ಇರಲಾರದು. ಆ ಪ್ರಶ್ನೆಯಿಂದ ಭೂಗೋಳವೂ ವಿಜ್ಞಾನವೂ ತಾವಾಗಿ ಶುರುವಾಗುತ್ತವೆ. ಈ ಹಕ್ಕಿಗಳು ಸುತ್ತಲಿನ ಹೊಲಗಳಿಗಿಳಿದು ಬೆಳೆಯನ್ನೂ ಮೇಯುತ್ತವೆ ಎಂಬುದು ಅಲ್ಲಿಯ ರೈತರ ಮಕ್ಕಳಿಗೆ ಗೊತ್ತು. ಆದರೆ ಆ ತಿಳಿವಳಿಕೆಗೆ ತರಗತಿಯಲ್ಲಿ ಇಂದಿಗೂ ಜಾಗ ಸಿಕ್ಕಿಲ್ಲ.

ರಾಮ್ಸರ್ ತಾಣ ಎಲ್ಲ ಊರಿಗೂ ಇಲ್ಲ, ಇರಬೇಕಾಗಿಯೂ ಇಲ್ಲ. ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲೆ ನಮ್ಮ ಕಡೆಯ ಹೊಲಗಳಲ್ಲಿ ಮಖಮಲ್ಲಿನಂಥ ಕೆಂಪು ಮಿರಗದ ಹುಳಗಳು ನೆಲದೊಳಗಿನಿಂದ ಮೇಲೆ ಬರುತ್ತವೆ. ಶಾಲೆ ಆರಂಭವಾಗುವ ಕಾಲವೂ ಅದೇ. ಒಂದನ್ನು ಅಂಗೈ ಮೇಲಿಟ್ಟುಕೊಂಡರೆ ಅದು ಕಾಲು ಮುದುಡಿಕೊಂಡು ಸುಮ್ಮನಾಗುತ್ತದೆ, ತುಸು ತಾಳ್ಮೆಯಿಂದ ಕಾದರೆ ಮತ್ತೆ ನಡೆಯತೊಡಗುತ್ತದೆ, ಆಗ ಕಾಲುಗಳನ್ನು ಎಣಿಸಬಹುದು. ಎಂಟು ಇರುತ್ತವೆ. ಕೀಟಕ್ಕೆ ಆರು ಕಾಲು ಎಂದು ಓದಿರುವ ಮಗು ಗೊಂದಲಕ್ಕೆ ಬಿದ್ದು ಇನ್ನೊಂದನ್ನು ಹುಡುಕಿ ಎಣಿಸುತ್ತದೆ, ಪಕ್ಕದವರಿಂದಲೂ ಎಣಿಸಿಸುತ್ತದೆ. ಇದು ಜೇಡದ ಬಳಗಕ್ಕೆ ಸೇರಿದ ಜೀವಿ ಎಂದು ಶಿಕ್ಷಕರು ಹೇಳಬೇಕಾದದ್ದು ಅದಾದ ಮೇಲೆ. ಈ ಪಾಠಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ, ಆದರೆ ಮಿರಗ ಮಳೆಯ ಆ ಕೆಲವು ದಿನಗಳು ಕಳೆದರೆ ಮತ್ತೆ ಮುಂದಿನ ವರ್ಷವೇ.

ಪರಿಸರವನ್ನು ಶಿಕ್ಷಣದ ಎಲ್ಲ ಹಂತಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದು ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರಲ್ಲೇ ನಿರ್ದೇಶಿಸಿತ್ತು. ಅಂದಿನಿಂದ ಪಠ್ಯಗಳು ಬಂದವು, ಇಕೋ ಕ್ಲಬ್‌ಗಳು ಬಂದವು. ಆದರೂ ಆಹಾರ ಸರಪಳಿಯ ಚಿತ್ರ ಬರೆದು ಪೂರ್ಣ ಅಂಕ ಪಡೆಯುವ ಎಷ್ಟೋ ಮಕ್ಕಳು ತಮ್ಮೂರ ಕೆರೆಯಲ್ಲಿ ಯಾವುದು ಯಾವುದನ್ನು ತಿನ್ನುತ್ತದೆ ಎಂದು ಕೇಳಿದರೆ ಉತ್ತರವಿಲ್ಲದೆ ನಿಲ್ಲುತ್ತಾರೆ. ಇದರಲ್ಲಿ ಮಕ್ಕಳ ದೋಷವೇನೂ ಇಲ್ಲ.

ಹೊರಗೆ ಕರೆದೊಯ್ಯುವುದೆಂದರೆ ವರ್ಷಕ್ಕೊಂದು ದೂರದ ಪ್ರವಾಸ ಎಂಬ ರೂಢಿ ನಮ್ಮಲ್ಲಿ ಬಲವಾಗಿದೆ. ಪ್ರವಾಸದ ಹಣ ಕಟ್ಟಲಾಗದ ಮಗು ಆ ದಿನ ಮನೆಯಲ್ಲೇ ಉಳಿಯುತ್ತದೆ. ರಾತ್ರಿ ಬಸ್ಸಿನ ಪಯಣ, ನಿದ್ದೆಗೆಟ್ಟ ಶಿಕ್ಷಕರು, ಪರಿಚಯವಿಲ್ಲದ ನೀರು ಇವೆಲ್ಲ ಒಟ್ಟಾದಾಗ ಅಪಾಯ ಹೆಚ್ಚುತ್ತದೆ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದದ್ದನ್ನು ಯಾವ ಶಿಕ್ಷಕನೂ ಮರೆಯಲಾರ. ಊರ ಕೆರೆಯೂ ಅಪಾಯರಹಿತವಲ್ಲ, ಕೃಷಿ ಹೊಂಡಗಳಂತೂ ಇನ್ನೂ ಅಪಾಯಕಾರಿ. ಆದ್ದರಿಂದ ಏರಿಯಿಂದ ಕೆಳಗಿಳಿಯಬಾರದು, ನೀರಿಗೆ ಕಾಲಿಡಬಾರದು ಎಂಬ ಕಟ್ಟುನಿಟ್ಟಿನ ನಿಯಮದೊಂದಿಗೇ ಹೊರಡಬೇಕು. ಆದರೆ ಪರಿಚಿತ ಜಾಗದಲ್ಲಿ, ಹಗಲು ಹೊತ್ತಿನಲ್ಲಿ, ಊರಿನವರ ಜೊತೆಯಲ್ಲಿ ಈ ನಿಯಮವನ್ನು ಪಾಲಿಸುವುದು ಸಾಧ್ಯ.

ಹಾಗಿದ್ದೂ ಶಿಕ್ಷಕರು ಗೇಟು ದಾಟಲು ಹಿಂಜರಿಯುತ್ತಾರೆ. ಏನಾದರೂ ಅನಾಹುತವಾದರೆ ಹೊಣೆ ಯಾರದು ಎಂಬುದು ಎಲ್ಲಿಯೂ ಸ್ಪಷ್ಟವಿಲ್ಲ, ಪ್ರತಿ ಬಾರಿ ಅನುಮತಿಗಾಗಿ ಪತ್ರ ಬರೆದು ಕಾಯುವಷ್ಟು ಪುರುಸೊತ್ತೂ ಇಲ್ಲ. ಒಬ್ಬರೇ ಶಿಕ್ಷಕರಿರುವ ಶಾಲೆಯ ಪಾಡನ್ನಂತೂ ಹೇಳಬೇಕಾಗಿಲ್ಲ. ಶಾಲೆಯೊಂದು ಆಯ್ದುಕೊಂಡ ಜಾಗಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳು ವರ್ಷಕ್ಕೊಮ್ಮೆ ಒಪ್ಪಿಗೆ ಕೊಟ್ಟರೆ ಸಾಕೆಂದು ಇಲಾಖೆ ನಿಯಮ ಮಾಡಬೇಕು. ಪ್ರತಿ ನಡಿಗೆಗೂ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಇಬ್ಬರು ಸದಸ್ಯರು ಜೊತೆಗಿರಬೇಕು. ಊರಿನ ಕುರಿಗಾಹಿಗಳನ್ನೂ ಮೀನು ಹಿಡಿಯುವವರನ್ನೂ ಗಿಡಮೂಲಿಕೆ ಬಲ್ಲ ಹಿರಿಯರನ್ನೂ ಕರೆದರೆ ಶಿಕ್ಷಕರಿಗೆ ತಿಳಿಯದ ಎಷ್ಟೋ ಸಂಗತಿ ಮಕ್ಕಳಿಗೆ ಸಿಗುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಜೀವಿಗಳನ್ನೂ ಅವುಗಳ ಬಗೆಗಿನ ಜನರ ತಿಳಿವಳಿಕೆಯನ್ನೂ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಮಕ್ಕಳು ತಿಂಗಳು ತಿಂಗಳು ಬರೆದಿಟ್ಟ ವಿವರಗಳನ್ನು ಶಿಕ್ಷಕರು ಪರಿಶೀಲಿಸಿ ಆ ದಾಖಲಾತಿಗೆ ಸೇರಿಸುವ ವ್ಯವಸ್ಥೆಯಾದರೆ, ಅವರ ಬರಹಕ್ಕೆ ಅಂಕಪಟ್ಟಿಯಾಚೆಗೂ ಒಂದು ಉಪಯೋಗವಿರುತ್ತದೆ.

ಇಂತಹ ಸುತ್ತೋಲೆಗಳು ಶೈಕ್ಷಣಿಕ ವರ್ಷದ ನಡುವೆ ಬಂದರೆ ಕಡತಕ್ಕಷ್ಟೇ ಸೇರುತ್ತವೆ. ಸಾರ್ವಜನಿಕ ಶಿಕ್ಷಣ ಇಲಾಖೆಯು ಏಪ್ರಿಲ್ ಮುಗಿಯುವುದರೊಳಗೆ ಆದೇಶ ಹೊರಡಿಸಿದರೆ, ಶಿಕ್ಷಕರು ಬೇಸಿಗೆ ರಜೆಯಲ್ಲಿ ಜಾಗ ನೋಡಿಕೊಂಡು ಜೂನ್ ತಿಂಗಳ ಸಂಭ್ರಮ ಶನಿವಾರದಂದೇ ಮಕ್ಕಳನ್ನು ಹೊರಗೆ ಕರೆದೊಯ್ಯಬಹುದು.

— ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ, ಲಕ್ಷ್ಮೇಶ್ವರ, ಗದಗ ಜಿಲ್ಲೆ