ಬಾಡಿದ ಡೇರೆ, ಖಾಲಿ ಪುಟ

ಈ ಸಲ ಸಂಪಾದಕೀಯ ತಡವಾಯಿತು. ಹಗಲೆಲ್ಲ ಆಫೀಸು, ರಾತ್ರಿ ನೀವು ಕಳಿಸಿದ ಬರಹಗಳ ಕಾಗುಣಿತ ತಿದ್ದುವುದು, ನಡುವೆ ಸಂಘದ ಮೀಟಿಂಗು. ನಾಲ್ಕು ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತೆ. ‘ಪ್ರಿಯ ಓದುಗರೇ’ ಅಂತ ಬರೆದೆ, ಅಳಿಸಿದೆ. ಮತ್ತೆ ಬರೆದೆ. ತಲೆ ಬತ್ತಿದ ಬಾವಿಯ ಹಾಗಿತ್ತು. ಕೊಡ ಇಳಿಸಿದರೆ ಬರೀ ಸದ್ದು.

ಶನಿವಾರ ಬೆಳಿಗ್ಗೆ ಕತ್ತರಿ ಹಿಡಿದು ಹಿತ್ತಲಿಗೆ ಹೋದೆ. ಬಾಡಿದ ಹೂಗಳನ್ನು ತೆಗೆಯಬೇಕಿತ್ತು. ಬೀಜ ಕಟ್ಟಲು ಬಿಟ್ಟರೆ ಗಿಡದ ಶಕ್ತಿಯೆಲ್ಲ ಅತ್ತ ಹೋಗಿ ಹೊಸ ಮೊಗ್ಗು ಕಡಿಮೆಯಾಗುತ್ತದೆ. ಮೊದಲ ಡೇರೆ ಹೂವಿಗೆ ಕತ್ತರಿ ಹಾಕುವ ಮುಂಚೆ ಸುಮ್ನೆ ಒಂದು ಫೋಟೋ ತೆಗೆದೆ.

ಹಿಂದಿನ ಸುತ್ತಿನ ಎಸಳುಗಳು ಕಂದಾಗಿ, ಹಳೇ ಪುಸ್ತಕದ ಹಾಳೆಯಂತೆ ಅಂಚು ಸುರುಟಿಕೊಂಡಿದ್ದವು. ನಡುವಿನವು ಇನ್ನೂ ಕೆಂಪಗಿದ್ದವು. ಹಿಂದಿನಿಂದ ಬಿಸಿಲು ಬಿದ್ದಾಗ ಒಂದೊಂದು ನರವೂ ಎದ್ದು ಕಂಡಿತು. ಹೂ ಅರಳಿದ್ದಾಗ ಇದ್ಯಾವುದೂ ಕಂಡಿರಲಿಲ್ಲ. ಆಗ ಬಣ್ಣದ್ದೇ ಮಾತು ಜಾಸ್ತಿ.

ಹೂ ಬಾಡುವಾಗ ಗಿಡ ಸುಮ್ಮನೆ ಕೂತಿರುವುದಿಲ್ಲ. ಎಸಳಿನಲ್ಲಿರುವ ಸಾರಜನಕ, ರಂಜಕವನ್ನು ಆದಷ್ಟು ವಾಪಸ್ ಎಳೆದುಕೊಳ್ಳುತ್ತದೆ. ಆಮೇಲಷ್ಟೇ ಎಸಳನ್ನು ಕೈಬಿಡುವುದು. ದಣಿದವರಿಗೆ ಇಂಥದ್ದೊಂದು ಏರ್ಪಾಡು ನಮ್ಮ ಆಫೀಸಿನಲ್ಲಂತೂ ಇಲ್ಲ. ಕಾರ್ನೇಷನ್‌ನಂಥ ಹೂಗಳಲ್ಲಿ ಬಾಡುವ ಕೆಲಸಕ್ಕೆ ಚಾಲನೆ ಕೊಡುವುದು ಎಥಿಲೀನ್ ಅನ್ನುವ ಅನಿಲ. ಬಾಳೆಕಾಯಿಯನ್ನು ಹಣ್ಣು ಮಾಡುವುದೂ ಅದೇ.

ಪಕ್ಕದ ಹೈಡ್ರೇಂಜಿಯದ್ದು ಬೇರೆಯೇ ಕತೆ. ಅದರಲ್ಲಿ ನಾವು ಎಸಳು ಅಂದುಕೊಳ್ಳುವುದು ಎಸಳೇ ಅಲ್ಲ, ಮೊಗ್ಗನ್ನು ಮುಚ್ಚುವ ಹೊರಗಿನ ಪುಷ್ಪಪತ್ರ. ಅದಕ್ಕೇ ಉದುರದೆ, ಹಸಿರು ಮಿಶ್ರಿತ ಗುಲಾಬಿಗೆ ತಿರುಗಿ, ಕಾಗದದಂತೆ ಒಣಗಿ ಗಿಡದಲ್ಲೇ ನಿಂತಿರುತ್ತದೆ. ಮುಟ್ಟಿದರೆ ಚರಚರ.

ಇಷ್ಟು ಹತ್ತಿರದಿಂದ ತೆಗೆದರೆ ಫೋಕಸ್ ಸಿಗುವುದು ಕೆಲವೇ ಮಿಲಿಮೀಟರ್. ಉಸಿರು ಬಿಟ್ಟರೂ ಚಿತ್ರ ಮಸುಕು. ಮೊಣಕೈಯನ್ನು ಮಂಡಿಗೆ ಊರಿ, ಉಸಿರು ಕಟ್ಟಿ ಕೂತೆ. ಗಾಳಿ ಬಂತು, ಕಾದೆ. ಮೋಡ ಮುಚ್ಚಿತು. ಒಳ್ಳೆಯದೇ ಆಯಿತು, ಕಡು ಬಿಸಿಲಿನಲ್ಲಿ ಈ ಕಂದು, ನಸುಗೆಂಪೆಲ್ಲ ಬಿಳಿಚಿಕೊಳ್ಳುತ್ತವೆ. ಕ್ಲಿಕ್ಕಿಸುವಷ್ಟರಲ್ಲಿ ಒಂದು ಎಸಳು ತಾನಾಗಿ ಕಳಚಿ ನನ್ನ ಚಪ್ಪಲಿಯ ಮೇಲೆ ಬಿತ್ತು. ಮುಕ್ಕಾಲು ಗಂಟೆ ಸಂಪಾದಕೀಯದ ನೆನಪೇ ಬರಲಿಲ್ಲ.

ಒಟ್ಟು ಎಪ್ಪತ್ತು ಫೋಟೋ. ಅರ್ಧ ಮಸುಕು, ಎರಡರಲ್ಲಿ ನನ್ನ ಹೆಬ್ಬೆರಳು. ಉಳಿದವುಗಳಲ್ಲಿ ಒಂದು ಮುಖಪುಟದಲ್ಲಿದೆ. ‘ಅರಳಿದ ಹೂ ಸಿಗಲಿಲ್ಲವಾ?’ ಅಂತ ಸಮಿತಿಯವರು ಕೇಳಿದರು. ಅರಳಿದ ಹೂಗಳನ್ನು ಹಿಂದಿನ ಸಂಚಿಕೆಗಳಲ್ಲಿ ಬೇಕಾದಷ್ಟು ಹಾಕಿದ್ದೇವೆ, ಅಲ್ವಾ?

ಕತ್ತರಿ ಇನ್ನೂ ಹಿತ್ತಲ ಕಟ್ಟೆಯ ಮೇಲೇ ಇದೆ. ಮುಂದಿನ ಸಂಚಿಕೆಗೆ ಬರಹ ಕಳಿಸಿ. ಅರ್ಧಂಬರ್ಧ ಇದ್ದರೂ ಪರವಾಗಿಲ್ಲ, ಕಾಗುಣಿತ ಮಾತ್ರ ಒಮ್ಮೆ ನೋಡಿಬಿಡಿ.