ಹೊಸ ಕಾರಿನ ಮೊದಲ ಸಾವಿರ ಕಿ.ಮೀ.: ಆತುರ ಬೇಡ, ಆಮೆನಡಿಗೆಯೂ ಬೇಡ

ಮಾನ್ಯರೇ,

ಆಯುಧಪೂಜೆಯಿಂದ ದೀಪಾವಳಿವರೆಗೆ ಹೊಸ ಕಾರು ಮನೆಗೆ ತರುವವರ ಸಂಭ್ರಮ ಜೋರು. ಬೆಳಿಗ್ಗೆ ಕೀಲಿಕೈ ತೆಗೆದುಕೊಂಡು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಅದೇ ರಾತ್ರಿ ಐದು ಜನ ಮತ್ತು ಡಿಕ್ಕಿ ತುಂಬ ಲಗೇಜಿನೊಂದಿಗೆ ಧರ್ಮಸ್ಥಳಕ್ಕೋ ತಿರುಪತಿಗೋ ಹೊರಡುವುದು ನಮ್ಮ ಕಡೆ ವಾಡಿಕೆ. ದೇವರ ದರ್ಶನಕ್ಕೆ ಯಾರ ತಕರಾರೂ ಇಲ್ಲ. ಆದರೆ ಎಂಜಿನ್ ಸೆಟ್ ಆಗುವ ಮೊದಲ ಸಾವಿರ ಕಿ.ಮೀ. ಹೇಗೆ ಓಡಿಸಬೇಕು ಎಂದು ಕೊಂಡವರಿಗೆ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ಹೇಳುವವರು ಸಿಕ್ಕರೂ ಎರಡು ಬಗೆ. ಒಬ್ಬರು, 'ಸಾವಿರ ಆಗುವವರೆಗೆ ನಲವತ್ತು ದಾಟಿಸಲೇಬೇಡಿ' ಎನ್ನುತ್ತಾರೆ. ಇನ್ನೊಬ್ಬರು, 'ಈಗಿನ ಎಂಜಿನ್‌ಗೆ ಅದೆಲ್ಲ ಬೇಕಿಲ್ಲ, ಒತ್ತಿ ಓಡಿಸಿ' ಎನ್ನುತ್ತಾರೆ. ಎರಡೂ ತಪ್ಪು. ಏಕೆ ಎಂಬುದನ್ನು ಕೆಲಸ ಬಲ್ಲವರ ಮಾತಿನಲ್ಲಿ ವಿವರವಾಗಿ ಹೇಳಬೇಕೆಂದು ಈ ಪತ್ರ.

ಹೊಸ ಎಂಜಿನ್ನಿನ ಹೆಡ್ (ಮೇಲಿನ ಮುಚ್ಚಳ) ತೆಗೆದು ಬೋರ್ (ಪಿಸ್ಟನ್ ಮೇಲೆ ಕೆಳಗೆ ಓಡುವ ಕೊಳವೆ) ಒಳಗೆ ಟಾರ್ಚ್ ಬಿಟ್ಟರೆ ಗೋಡೆ ನುಣ್ಣಗೆ ಕಾಣುವುದಿಲ್ಲ. ಓರೆಯಾಗಿ ಒಂದನ್ನೊಂದು ಕತ್ತರಿಸುವ ಸಣ್ಣ ಸಣ್ಣ ಗೀರುಗಳು ತುಂಬಿರುತ್ತವೆ. ಇವು ಕಾರ್ಖಾನೆಯಲ್ಲಿ ಹೋನಿಂಗ್ (ಬೋರ್ ಉಜ್ಜುವ) ಕಲ್ಲಿನಿಂದ ಬೇಕೆಂದೇ ಎಳೆದ ಗೆರೆಗಳು. ಆಳ ಕೆಲವೇ ಮೈಕ್ರಾನ್. ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಪಟ್ಟು ಕಡಿಮೆ. ಈ ಗೆರೆಗಳಿಗೆ ಎರಡು ಕೆಲಸ. ಒಂದು, ತಳದಲ್ಲಿ ಆಯಿಲ್ ಹಿಡಿದಿಟ್ಟುಕೊಳ್ಳುವುದು. ಇನ್ನೊಂದು, ಪಿಸ್ಟನ್ ರಿಂಗಿನ (ಪಿಸ್ಟನ್ ಸುತ್ತ ಕೂರುವ ಲೋಹದ ಬಳೆ) ಅಂಚನ್ನು ಬೋರಿನ ಮೈಗೆ ಹೊಂದುವಂತೆ ಸವೆಸುವುದು. ಹೊಸ ಒರಳುಕಲ್ಲು ತಂದ ಮನೆಯವರು ಮೊದಲ ದಿನವೇ ಅದರಲ್ಲಿ ದೋಸೆಹಿಟ್ಟು ರುಬ್ಬುವುದಿಲ್ಲ. ನುಚ್ಚು ಹಾಕಿ ರುಬ್ಬಿ, ಚೆಲ್ಲಿ, ಕಲ್ಲಿನ ಪುಡಿ ಹೋಗಿ ಎರಡು ಮೈ ಹೊಂದಿಕೊಂಡ ಮೇಲೆಯೇ ಅಡುಗೆಗೆ ಬಳಸುತ್ತಾರೆ. ಎಂಜಿನ್ನಿನಲ್ಲೂ ಅದೇ ಕೆಲಸ ನಡೆಯಬೇಕು.

ಇಲ್ಲಿಯೇ 'ನಲವತ್ತು ದಾಟಿಸಬೇಡಿ' ಎನ್ನುವವರು ಎಡವುವುದು. ರಿಂಗಿಗೆ ತನ್ನದೇ ಸ್ಪ್ರಿಂಗ್ ಬಲ ಇರುವುದು ಸ್ವಲ್ಪವೇ. ಅದು ಬೋರಿಗೆ ಗಟ್ಟಿಯಾಗಿ ಒತ್ತಿಕೊಳ್ಳುವುದು ಉರಿದ ಅನಿಲ ರಿಂಗಿನ ಬೆನ್ನ ಹಿಂದೆ ನುಗ್ಗಿ ಹೊರಕ್ಕೆ ತಳ್ಳಿದಾಗ. ಎಂಜಿನ್ ಮೇಲೆ ಲೋಡ್ (ಎಳೆಯುವ ಭಾರ) ಇಲ್ಲದೆ ಸಾವಿರ ಕಿ.ಮೀ. ತೆವಳಿಸಿದರೆ ಈ ಒತ್ತಡವೇ ಹುಟ್ಟುವುದಿಲ್ಲ. ರಿಂಗ್ ದಾಟಿ ಮೇಲೆ ಬಂದ ಆಯಿಲ್ ಬೋರಿನ ಗೋಡೆಗೆ ಸುಟ್ಟು ಅಂಟಿ ಗೀರುಗಳನ್ನೆಲ್ಲ ಮುಚ್ಚುತ್ತದೆ, ಬೋರ್ ಕನ್ನಡಿಯ ಹಾಗೆ ಹೊಳೆಯುತ್ತದೆ. ಆಮೇಲೆ ರಿಂಗ್ ಸವೆದು ಕೂರಲು ಅಲ್ಲಿ ಏನೂ ಉಳಿದಿರುವುದಿಲ್ಲ. ಅಂಥ ಎಂಜಿನ್ ಆಯಿಲ್ ಕುಡಿಯಲು ಶುರುಮಾಡುತ್ತದೆ, ಬೆಳಗಿನ ಸ್ಟಾರ್ಟ್‌ಗೆ ನೀಲಿ ಹೊಗೆ ಬಿಡುತ್ತದೆ. ಇದಕ್ಕೆ ಬಾಟಲಿಯಲ್ಲಿ ಸಿಗುವ ಯಾವ ಔಷಧಿಯೂ ನಾಟುವುದಿಲ್ಲ; ಎಂಜಿನ್ ಬಿಚ್ಚಿ, ಮತ್ತೆ ಹೋನಿಂಗ್ ಮಾಡಿ, ಹೊಸ ರಿಂಗ್ ಹಾಕಬೇಕು. ನಲವತ್ತರ ಉಪದೇಶ ಅಂಬಾಸಿಡರ್, ಫಿಯಟ್ ಕಾಲದ್ದು. ಆಗ ಬೋರ್ ಕೆಲಸ ಇಷ್ಟು ನಯವಾಗಿರಲಿಲ್ಲ, ಆಯಿಲ್ ಗುಣಮಟ್ಟವೂ ಸಾಧಾರಣ. ಆ ಕಾಲಕ್ಕೆ ಅದು ಸರಿಯೇ ಇತ್ತು.

ಹಾಗಾದರೆ ಮೊದಲ ದಿನವೇ ಒತ್ತಿ ಓಡಿಸಬಹುದಲ್ಲ ಎಂದರೆ, ಅದೂ ಇಲ್ಲ. ಕಾರ್ಖಾನೆಯಲ್ಲೇ ಎಂಜಿನ್ ಓಡಿಸಿ ಕಳಿಸಿರುತ್ತಾರೆ ಎಂಬ ಮಾತು ಅರ್ಧ ನಿಜ. ಅಲ್ಲಿ ನಡೆಯುವುದು ಸ್ವಲ್ಪ ಹೊತ್ತಿನ ಪರೀಕ್ಷೆ, ಸೋರಿಕೆ ಮತ್ತು ಸದ್ದು ನೋಡಲು. ಈಗಿನ ಬೋರ್ ನಯವಾಗಿರುವುದರಿಂದ ರಿಂಗ್ ಬೇಗ ಕೂರುತ್ತದೆ ಎಂಬುದು ಮಾತ್ರ ಖರೆ. ಆದರೆ ಹೊಸದಾಗಿರುವುದು ರಿಂಗ್ ಒಂದೇ ಅಲ್ಲ. ಬೇರಿಂಗ್, ಗೇರ್ ಹಲ್ಲು, ಡಿಫರೆನ್ಷಿಯಲ್, ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಟೈರ್ ಎಲ್ಲವೂ ಹೊಸತು. ಮೈ ಹೊಂದದ ಎರಡು ಲೋಹ ಪೂರ್ತಿ ಲೋಡಿನಲ್ಲಿ, ಹೆಚ್ಚು ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಉಜ್ಜಿದರೆ ಎತ್ತರದ ಬಿಂದುಗಳಲ್ಲಿ ಕಾವು ಏರಿ ಆಯಿಲ್ ಪದರ ಕಿತ್ತುಹೋಗುತ್ತದೆ, ಅಲ್ಲಿ ಗೀರು ಬೀಳುತ್ತದೆ. ಹೋನಿಂಗ್ ಗೆರೆ ಎಂಜಿನಿಯರ್ ಎಳೆದದ್ದು, ಇದು ಹಾನಿಯ ಗೀರು. ಒಮ್ಮೆ ಬಿದ್ದರೆ ಹೋಗುವುದಿಲ್ಲ.

ಕಂಪನಿಗಳ ಕೈಪಿಡಿಗಳೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತವೆ. ಹ್ಯುಂಡೈ ಕೈಪಿಡಿ ಮೊದಲ 1000 ಕಿ.ಮೀ. ಎಂಜಿನ್ ವೇಗವನ್ನು 2000ದಿಂದ 4000 ಆರ್‌ಪಿಎಂ ನಡುವೆ ಇಡಿ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬೇಡಿ ಎನ್ನುತ್ತದೆ. ಟೊಯೋಟಾ ಮೊದಲ 300 ಕಿ.ಮೀ. ಗಕ್ಕನೆ ಬ್ರೇಕ್ ಹಾಕಬೇಡಿ, 1000 ಕಿ.ಮೀ.ವರೆಗೆ ಅತಿವೇಗ ಬೇಡ, ಒಂದೇ ಸಮ ವೇಗವೂ ಬೇಡ ಎನ್ನುತ್ತದೆ. 'ಒಂದೇ ವೇಗ ಬೇಡ' ಎಂಬ ಈ ಮಾತನ್ನು ಬಹುತೇಕರು ಓದುವುದೇ ಇಲ್ಲ, ಓದಿದರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಹೊಸ ಕಾರಿಗೆ ಕ್ರೂಸ್ ಕಂಟ್ರೋಲ್ ಹಾಕಿ ನೂರಕ್ಕೆ ಕಟ್ಟಿ ಕೂತರೆ ಎಂಜಿನ್‌ಗೆ ಕಷ್ಟವೇನೂ ಕಾಣಿಸುವುದಿಲ್ಲ, ನಿಜ. ಆದರೆ ಲೋಡ್ ಏರಿಳಿಯದೆ ರಿಂಗ್ ಒಂದೇ ಬಗೆಯಲ್ಲಿ ಉಜ್ಜುತ್ತಾ ಹೋಗುತ್ತದೆ. ಮೊದಲ ಸಾವಿರದಲ್ಲಿ ಕ್ರೂಸ್ ಕಂಟ್ರೋಲ್ ಮುಟ್ಟಬೇಡಿ. ಎಡ ಲೇನ್ ಹಿಡಿದು, ಐದು ಹತ್ತು ನಿಮಿಷಕ್ಕೊಮ್ಮೆ ವೇಗವನ್ನು 70 ಮತ್ತು 90ರ ನಡುವೆ ನಿಧಾನವಾಗಿ ಏರಿಸಿ ಇಳಿಸಿ. ಬಿಡದಿಯಲ್ಲೋ ಮದ್ದೂರಿನಲ್ಲೋ ತಿಂಡಿಗೆ ನಿಂತರೆ ಅದೂ ಒಳ್ಳೆಯದೇ. ಎಂಜಿನ್ ಕಾದು ಆರುವ ಸುತ್ತುಗಳೂ ಈ ಹಂತದಲ್ಲಿ ಬೇಕು.

ಇನ್ನು ದಿನದ ಓಡಾಟಕ್ಕೆ ಬರೋಣ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಸಾಕು, ಹೊರಡಿ. ಹತ್ತು ನಿಮಿಷ ಐಡ್ಲಿಂಗ್ (ನಿಂತಲ್ಲೇ ಎಂಜಿನ್ ಓಡಲು) ಬಿಡುವುದು ಹೊಸ ಎಂಜಿನ್‌ಗೆ ಉಪಕಾರವಲ್ಲ. ತಣ್ಣಗಿನ ಎಂಜಿನ್‌ಗೆ ಹೆಚ್ಚು ಪೆಟ್ರೋಲ್ ಹೋಗುತ್ತದೆ, ಅದು ಬೋರಿನ ಆಯಿಲ್ ತೊಳೆದು ಕೆಳಗಿನ ಸಂಪ್‌ಗೆ (ಆಯಿಲ್ ತೊಟ್ಟಿ) ಇಳಿಯುತ್ತದೆ. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದರೂ ಆಯಿಲ್ ಪೂರ್ತಿ ಕಾದಿರುವುದಿಲ್ಲ; ಆ ಮೇಲೂ ನಾಲ್ಕೈದು ಕಿ.ಮೀ. ಮೆತ್ತಗೆ ಓಡಿಸಬೇಕು. ತಣ್ಣಗಿದ್ದಾಗ ರೇಸ್ ಮಾಡಿ ಸದ್ದು ಕೇಳಿಸುವ ಚಟ ಎಷ್ಟು ಹಾನಿ ಮಾಡುತ್ತದೆಂದರೆ, ಅದೊಂದನ್ನು ಬಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಮೊದಲ 300 ಕಿ.ಮೀ. ಊರೊಳಗೆ, ಊರಾಚೆ ಮಿಶ್ರವಾಗಿ ಓಡಲಿ. ಪೆಟ್ರೋಲ್ ಕಾರಿನಲ್ಲಿ 3000 ಆರ್‌ಪಿಎಂ, ಡೀಸೆಲ್‌ನಲ್ಲಿ 2500 ಸಾಕು, ಆಕ್ಸಿಲರೇಟರ್ ಅರ್ಧಕ್ಕಿಂತ ಹೆಚ್ಚು ಬೇಡ. ಅಲ್ಲಿಂದ ಮುಂದೆ ಮಿತಿಯನ್ನು ನಿಧಾನವಾಗಿ ಏರಿಸಿ. 500 ದಾಟಿದ ಮೇಲೆ, ಎಂಜಿನ್ ಚೆನ್ನಾಗಿ ಕಾದಿರುವಾಗ, ಖಾಲಿ ರಸ್ತೆ ಸಿಕ್ಕರೆ ಮೂರನೇ ಗೇರಿನಲ್ಲಿ 40ರಿಂದ 70ರವರೆಗೆ ಮುಕ್ಕಾಲು ಆಕ್ಸಿಲರೇಟರ್ ಕೊಟ್ಟು ಎಳೆಸಿ. ನಂತರ ಕಾಲು ತೆಗೆದು, ಅದೇ ಗೇರಿನಲ್ಲಿ ತಾನಾಗಿ 40ಕ್ಕೆ ಇಳಿಯಲು ಬಿಡಿ. ಹಿಂದೆ ಗಾಡಿ ಇರಬಾರದು. ಹೀಗೆ ಏಳೆಂಟು ಸಲ. ಎಳೆಯುವಾಗ ರಿಂಗ್ ಬೋರಿಗೆ ಒತ್ತಿಕೊಳ್ಳುತ್ತದೆ, ಕಾಲು ತೆಗೆದಾಗ ಸಿಲಿಂಡರ್ ಒಳಗಿನ ನಿರ್ವಾತಕ್ಕೆ ಸ್ವಲ್ಪ ಆಯಿಲ್ ಮೇಲೆದ್ದು ಸವೆದ ಪುಡಿಯನ್ನು ತೊಳೆಯುತ್ತದೆ. ಆಟೋಮ್ಯಾಟಿಕ್ ಕಾರಿನಲ್ಲಿ ಮ್ಯಾನುಯಲ್ ಮೋಡ್ ಇದ್ದರೆ ಇದೇ ಕ್ರಮ. ಕಿಕ್‌ಡೌನ್ (ಗೇರ್ ತಾನಾಗಿ ಕೆಳಗಿಳಿಯುವುದು) ಬರುವಂತೆ ಪೆಡಲ್ ತಳಕ್ಕೆ ಒತ್ತುವುದು ಸಾವಿರ ದಾಟಿದ ಮೇಲಿರಲಿ.

ಹೆಚ್ಚಿನ ಆರ್‌ಪಿಎಂಗೆ ಹೆದರುವ ಜನ ಅದರ ತದ್ವಿರುದ್ಧ ತಪ್ಪಿಗೆ ಹೆದರುವುದಿಲ್ಲ. ಮೈಲೇಜ್ ಆಸೆಗೆ ನಾಲ್ಕನೇ ಗೇರಿನಲ್ಲಿ ಮೂವತ್ತರ ವೇಗದಲ್ಲಿ ಗೊರಗೊರ ಎನ್ನಿಸುತ್ತಾ ಉಬ್ಬು ಹತ್ತಿಸುತ್ತಾರೆ. ಕಾರು ನಡುಗುತ್ತಿದ್ದರೆ ಬೇರಿಂಗ್ ಮೇಲೆ ಹೊಡೆತ ಬೀಳುತ್ತಿದೆ ಎಂದೇ ಅರ್ಥ. ಈಗ ಹಲವು ಕಾರುಗಳಲ್ಲಿ ಬರುವ ಒಂದು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ನುಗಳಲ್ಲಿ, ಅದರಲ್ಲೂ ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರ ಸಿಲಿಂಡರಿಗೆ ಚಿಮ್ಮಿಸುವ ವ್ಯವಸ್ಥೆ) ಇದ್ದರೆ, ಕಡಿಮೆ ಆರ್‌ಪಿಎಂನಲ್ಲಿ ಜೋರಾಗಿ ಒತ್ತಿದಾಗ ಸ್ಪಾರ್ಕ್‌ಗೆ ಮುನ್ನವೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ನೇ ಒಡೆಯುವ ಅಪಾಯವೂ ಉಂಟು. ಗೇರ್ ಇಳಿಸಿ, 2000 ಮೇಲಿಡಿ. ಟರ್ಬೊ ಇರುವ ಕಾರನ್ನು ಘಾಟಿ ಹತ್ತಿಸಿ ನಿಲ್ಲಿಸಿದಾಗ ಒಂದು ನಿಮಿಷ ಐಡ್ಲಿಂಗ್ ಬಿಟ್ಟು ಆಮೇಲೆ ಆಫ್ ಮಾಡಿ.

ಘಾಟಿಯ ವಿಷಯ ಬಂತು. ಹಾಸನದ ಕಡೆಯಿಂದ ಧರ್ಮಸ್ಥಳಕ್ಕೆ ಹೋಗುವಾಗ ಶಿರಾಡಿ ಸಿಗುವುದು ಇಳಿಜಾರಿನಲ್ಲಿ. ಹೋಗುವಾಗ ಪರೀಕ್ಷೆ ಬ್ರೇಕಿಗೆ, ಬರುವಾಗ ಎಂಜಿನ್ನಿಗೆ. ತಿರುಮಲದಲ್ಲಿ ಇದು ತಿರುಗುಮುರುಗು: ಮೊದಲು ಏರು, ಆಮೇಲೆ ಇಳಿಜಾರು. ಹೊಸ ಬ್ರೇಕ್ ಪ್ಯಾಡ್ ಡಿಸ್ಕಿನ ಮೈಗೆ ಪೂರ್ತಿ ತಾಗಿರುವುದಿಲ್ಲ, ಹಿಡಿತ ಕಡಿಮೆ, ಬೇಗ ಕಾಯುತ್ತದೆ. ಆದ್ದರಿಂದ ಘಾಟಿಗೆ ಮೊದಲು ಕನಿಷ್ಠ 300 ಕಿ.ಮೀ. ಊರಲ್ಲೇ ಓಡಿಸಿ. ಹಿಂದೆ ಯಾರೂ ಇಲ್ಲದ ರಸ್ತೆಯಲ್ಲಿ 60ರಿಂದ 20ಕ್ಕೆ ಮಧ್ಯಮ ಒತ್ತಡದಲ್ಲಿ ಹತ್ತು ಸಲ ಇಳಿಸಿ, ಪ್ರತಿ ಸಲದ ನಡುವೆ ಅರ್ಧ ಕಿ.ಮೀ. ಓಡಿಸಿ ಆರಲು ಬಿಡಿ. ಕಾದ ಬ್ರೇಕನ್ನು ಒತ್ತಿ ಹಿಡಿದು ನಿಲ್ಲಬೇಡಿ. ಇಳಿಜಾರಿನಲ್ಲಿ ಎರಡನೇ ಅಥವಾ ಮೂರನೇ ಗೇರ್ ಹಿಡಿದು ಎಂಜಿನ್ನೇ ತಡೆಯಲಿ, ಬ್ರೇಕನ್ನು ಆಗಾಗ ಒತ್ತಿ ಬಿಡಿ. ನ್ಯೂಟ್ರಲ್ ಮಾತ್ರ ಎಂದೂ ಬೇಡ. ಹತ್ತುವಾಗ 3000–3500 ಆರ್‌ಪಿಎಂನಲ್ಲಿ ಸಲೀಸಾಗಿ ಎಳೆಯುವ ಗೇರ್ ಯಾವುದೋ ಅದು. ಲಾರಿ ಹಿಂದೆ ಸಿಕ್ಕಿಕೊಂಡಾಗ ಹಾಫ್ ಕ್ಲಚ್‌ನಲ್ಲಿ ತೇಲಿಸಬೇಡಿ, ಹ್ಯಾಂಡ್‌ಬ್ರೇಕ್ ಎಳೆದು ಅಂತರ ಬಿಟ್ಟು ಹೊರಡಿ. ಹೊಸ ಕ್ಲಚ್ ಒಂದೇ ಘಾಟಿಯಲ್ಲಿ ಸುಟ್ಟ ವಾಸನೆ ಹೊಡೆಯುವುದು ಇದರಿಂದಲೇ. ಮೊದಲ ಎರಡು ಮೂರು ದಿನ ಸೈಲೆನ್ಸರ್ ಕಡೆಯಿಂದ ಬರುವ ಎಣ್ಣೆ, ಬಣ್ಣದ ವಾಸನೆ ಬೇರೆ. ಅದಕ್ಕೆ ಹೆದರಬೇಕಿಲ್ಲ.

ಟೈರಿನ ಮೇಲೂ ಅಚ್ಚಿನಿಂದ ಬಿಡಿಸುವಾಗ ಹಚ್ಚಿದ ಜಾರು ಪದಾರ್ಥ ಸ್ವಲ್ಪ ಉಳಿದಿರುತ್ತದೆ. ಮಳೆಯಲ್ಲಿ ಇನ್ನೂರು ಮುನ್ನೂರು ಕಿ.ಮೀ.ವರೆಗೆ ಹುಷಾರು. ಯಾರ್ಡಿನಲ್ಲಿ ದಿನಗಟ್ಟಲೆ ನಿಲ್ಲುವ ಕಾರಿಗೆ ಗಾಳಿ ಹೆಚ್ಚು ತುಂಬಿರುವುದುಂಟು. ಡೆಲಿವರಿ ದಿನವೇ ಡ್ರೈವರ್ ಬಾಗಿಲ ಕಂಬದ ಚೀಟಿಯಲ್ಲಿರುವ ಅಂಕಿಗೆ ತಕ್ಕಂತೆ, ಟೈರ್ ತಣ್ಣಗಿರುವಾಗ ಸರಿಮಾಡಿಸಿ.

ಆಯಿಲ್ ನೋಡುವುದನ್ನು ಸರ್ವಿಸ್‌ನವರಿಗೆ ಬಿಟ್ಟುಬಿಡಬೇಡಿ. ಸಮತಟ್ಟು ನೆಲ, ಎಂಜಿನ್ ಆಫ್ ಮಾಡಿ ಐದು ನಿಮಿಷ, ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ತೂರಿಸಿ ಮತ್ತೆ ಎಳೆದು ನೋಡುವುದು. ಮೊದಲ ಸಾವಿರದಲ್ಲಿ ಎರಡು ಮೂರು ಸಲ ನೋಡಿ, ಬರೆದಿಡಿ. ಸ್ವಲ್ಪ ಇಳಿದರೆ ಸಹಜ. ಕೆಳಗಿನ ಗುರುತಿನ ಹತ್ತಿರ ಬಂದರೆ ಕೈಪಿಡಿಯಲ್ಲಿ ಹೇಳಿದ ಗ್ರೇಡನ್ನೇ ಸ್ವಲ್ಪ ಸ್ವಲ್ಪ ಹಾಕಿ. ಮೇಲಿನ ಗುರುತು ದಾಟಬಾರದು, ದಾಟಿದರೆ ಕ್ರ್ಯಾಂಕ್ (ಎಂಜಿನ್ ಒಳಗೆ ತಿರುಗುವ ದಂಡ) ಕಡೆದು ನೊರೆ ಎಬ್ಬಿಸುತ್ತದೆ. ಮಟ್ಟ ಇಳಿಯುವ ಬದಲು ಏರಿದ್ದು ಕಂಡರೆ ಆಯಿಲ್‌ಗೆ ಪೆಟ್ರೋಲ್ ಅಥವಾ ಡೀಸೆಲ್ ಬೆರೆಯುತ್ತಿರಬಹುದು. ಬರೀ ಒಂದೆರಡು ಕಿ.ಮೀ. ಓಡಿಸಿ ನಿಲ್ಲಿಸುವ ಕಾರುಗಳಲ್ಲಿ, ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್6 ಡೀಸೆಲ್‌ಗಳಲ್ಲಿ ಇದು ಕಾಣಿಸುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಹೊರಗಿನ ರಸ್ತೆಗೆ ಒಯ್ಯಿರಿ, ಸರ್ವಿಸ್‌ನಲ್ಲಿ ತೋರಿಸಿ. ಆಯಿಲ್ ದೀಪ ಹೊತ್ತಿದರೆ ಮಾತ್ರ ಮುಂದಿನ ಬಂಕ್‌ವರೆಗೆ ಎಂದುಕೊಳ್ಳದೆ ಅಲ್ಲೇ ನಿಲ್ಲಿಸಬೇಕು.

ಮೊದಲ ಸರ್ವಿಸ್ ಬಹಳ ಕಾರುಗಳಲ್ಲಿ ತಪಾಸಣೆ ಮಾತ್ರ, ಆಯಿಲ್ ಬದಲಿಸುವುದಿಲ್ಲ. ಕಾಸು ಕೊಟ್ಟು ಬದಲಿಸಿದರೆ ನಷ್ಟವಿಲ್ಲ, ಅದೇ ಗ್ರೇಡ್ ಮತ್ತು ಬಿಲ್ ಇರಲಿ. ಬದಲಿಸದಿದ್ದರೂ ವಾರಂಟಿಗೆ ತೊಂದರೆಯಿಲ್ಲ. ಎಂಜಿನ್ ಆಯಿಲ್‌ಗೆ ಬೆರೆಸುವ ಬಣ್ಣದ ಡಬ್ಬಿ ಯಾರೇ ಕೊಟ್ಟರೂ ಬೇಡ ಎನ್ನಿ. ಮುನ್ನೂರು ಕಿ.ಮೀ.ಗೇ ಮೈಲೇಜ್ ಇಲ್ಲ ಎಂದು ಜಗಳಕ್ಕೆ ಹೋಗುವವರಿಗೂ ಒಂದು ಮಾತು: ರಿಂಗ್ ಕೂತು, ಗೇರ್ ಸಡಿಲವಾಗುವವರೆಗೆ ಉಜ್ಜಾಟ ಹೆಚ್ಚು, ಪೆಟ್ರೋಲೂ ಹೆಚ್ಚು. ಮೂರು ನಾಲ್ಕು ಸಾವಿರ ಓಡಿದ ಮೇಲೆ ಟ್ಯಾಂಕ್ ತುಂಬಿಸಿ, ಮತ್ತೆ ತುಂಬಿಸುವವರೆಗಿನ ಲೆಕ್ಕ ಹಿಡಿಯಿರಿ. ಡಿಸ್‌ಪ್ಲೇ ತೋರಿಸುವ ಅಂಕಿ ಅಂದಾಜಿನದು.

ಷೋರೂಮಿನವರಲ್ಲೊಂದು ವಿನಂತಿ. ಕಾರಿಗೆ ರಿಬ್ಬನ್ ಕಟ್ಟಿ, ಕೇಕ್ ಕತ್ತರಿಸಿ, ಫೋಟೊ ತೆಗೆಯುವ ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಇದಕ್ಕೆ ಕೊಡಿ. ಕೈಪಿಡಿ ದಪ್ಪ, ಹೆಚ್ಚಿನವು ಇಂಗ್ಲಿಷಿನಲ್ಲೇ; ಅದು ಡ್ಯಾಶ್‌ಬೋರ್ಡಿನ ಡ್ರಾಯರ್‌ನಿಂದ ಹೊರಬರುವುದೇ ಇಲ್ಲ. ಒಂದೇ ಪುಟದ ಕನ್ನಡ ಚೀಟಿ ಸಾಕು: ಎಷ್ಟು ಕಿ.ಮೀ.ವರೆಗೆ, ಎಷ್ಟು ಆರ್‌ಪಿಎಂ, ಒಂದೇ ವೇಗ ಬೇಡ, ಬ್ರೇಕ್ ಹೇಗೆ, ಯಾವ ಆಯಿಲ್, ಟೈರ್ ಗಾಳಿ ಎಷ್ಟು. ಮನೆಯಲ್ಲಿ ಕಾರು ಓಡಿಸುವ ಮಗನಿಗೂ ಸಂಬಳದ ಡ್ರೈವರ್‌ಗೂ ಓದಲು ಬರುವಂತೆ, ಕೀಲಿಕೈ ಜೊತೆಗೇ ಕೈಗೆ ಕೊಡಿ.

— ಓದುಗರೊಬ್ಬರು, ಹಾಸನ